ಮೂರು ಉದ್ಧರಣೆ ನೀರು

ಆ ಮನುಷ್ಯ ಚಹಾ ಕುಡಿದ. ನನಗೆ ಸಿಟ್ಟು ಬಂದದ್ದು ಅದಕ್ಕೇ.

ಹೋದ ತಿಂಗಳ ಮಾತು. ಕಣ್ಣು ತೋರಿಸಲೆಂದು ಮೊಮ್ಮಗಳು ನನ್ನನ್ನು ಪುಣೆಯ ಶಿವಾಜಿನಗರದ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದಳು. ಸರದಿ ಕಾಯುತ್ತ ಕುಳಿತಿದ್ದೆ. ಎದುರಿನ ಬೆಂಚಿನ ಮೇಲೆ ಐವತ್ತರ ಆಸುಪಾಸಿನ ಗಂಡಸು, ಪಕ್ಕದಲ್ಲಿ ಅವನ ಹೆಂಡತಿ. ಅವನ ಕೊರಳಿನ ಬುಡದ ಕುಳಿಯಲ್ಲಿ ಒಂದು ತೂತು, ಅದರ ಮೇಲೆ ತೆಳ್ಳನೆಯ ಬಿಳಿ ಬಟ್ಟೆ. ಉಸಿರಾಡಿದಾಗಲೆಲ್ಲ ಬಟ್ಟೆ ಒಳಕ್ಕೂ ಹೊರಕ್ಕೂ ಅಲ್ಲಾಡುತ್ತಿತ್ತು. ಅಂಥ ಬಟ್ಟೆಗಳನ್ನು ಒಂದು ಕಾಲದಲ್ಲಿ ಡಜನ್‌ಗಟ್ಟಲೆ ಹೊಲಿದವಳು ನಾನು, ನೋಡಿದ ಕೂಡಲೇ ತಿಳಿಯಿತು. ಹೆಂಡತಿ ಥರ್ಮಾಸಿನಿಂದ ಚಹಾ ಬಗ್ಗಿಸಿ ಅವನ ಕೈಗೆ ಕೊಟ್ಟಳು. ಆ ಕಪ್ಪನ್ನು ಕಸಿದುಕೊಳ್ಳಲು ನಾನು ಅರ್ಧ ಎದ್ದೇಬಿಟ್ಟಿದ್ದೆ. ಅವನು ಆರಾಮಾಗಿ ಕುಡಿದ. ಕೆಮ್ಮಲಿಲ್ಲ. ಆಮೇಲೆ ಬಟ್ಟೆಯ ಮೇಲೆ ಹೆಬ್ಬೆರಳು ಒತ್ತಿ, ಸಕ್ಕರೆ ಕಡಿಮೆಯಾಗಿದೆ ಎಂದು ಹೆಂಡತಿಯ ಮೇಲೆ ಮರಾಠಿಯಲ್ಲಿ ರೇಗಿದ.

ನಾನು ಸಂಕೋಚ ಬಿಟ್ಟು ಕೇಳಿದೆ. ಅವನು ಬೇಸರಪಟ್ಟುಕೊಳ್ಳದೆ ಹೇಳಿದ. ಧ್ವನಿಪೆಟ್ಟಿಗೆ ತೆಗೆದಿದ್ದಾರಂತೆ. ಉಸಿರಿನ ಕೊಳವೆಗೂ ಅನ್ನದ ಕೊಳವೆಗೂ ನಡುವೆ ಒಂದು ಸಣ್ಣ ದಾರಿ ಮಾಡಿ, ಅದರಲ್ಲಿ ಅಂಗಿಯ ಗುಂಡಿಯಷ್ಟಿರುವ ಕವಾಟ ಕೂರಿಸಿದ್ದಾರಂತೆ. ಗಾಳಿ ಮುಂದಕ್ಕೆ ಹೋಗುತ್ತದೆ, ನೀರು ಹಿಂದಕ್ಕೆ ಬರುವುದಿಲ್ಲ, ಅಷ್ಟೇ ಅಜ್ಜಿ, ಎಂದ.

ಮನೆಗೆ ಬಂದ ಮೇಲೆ ಊಟ ಸೇರಲಿಲ್ಲ. ವಿಜ್ಞಾನ ಎಷ್ಟು ಮುಂದುವರಿದಿದೆ ನೋಡು ಎಂದು ಮೊಮ್ಮಗಳು ಹಿಗ್ಗಿದಳು. ನನಗೆ ಹಿಗ್ಗು ಬರಲಿಲ್ಲ, ಮೈ ಉರಿಯಿತು. ಒಂದು ಅಂಗಿಗುಂಡಿ! ಅಷ್ಟರ ಕೊರತೆಯಿಂದ ನಮ್ಮಪ್ಪ ಸತ್ತ ಎಂದು ಹೇಳಿಕೊಂಡುಬಿಟ್ಟರೆ ಹಗುರವಾಗಬಹುದು. ಐವತ್ತು ವರ್ಷದಿಂದ ಹಾಗೆಯೇ ಯಾರ ಯಾರದೋ ಹೆಸರು ಹೇಳಿಕೊಂಡು ಬಂದಿದ್ದೇನೆ. ಆದರೆ ಆ ಗುಂಡಿ ಇಲ್ಲದೆಯೂ ಅಪ್ಪ ಬದುಕಬಹುದಿತ್ತು. ಅದನ್ನು ಇವತ್ತಾದರೂ ಸರಿಯಾಗಿ ಬರೆಯಬೇಕು.

ಎರಡನೆಯ ಮಹಾಯುದ್ಧ ಶುರುವಾಗುವ ಹಿಂದಿನ ವರ್ಷ. ನಾವು ಧಾರವಾಡದ ಕಡೆಯವರು, ಪುಣೆಯ ಪೇಟೆಯೊಳಗೆ ಅಂಗಳದ ಸುತ್ತ ಬಿಡಾರಗಳಿದ್ದ ಒಂದು ವಾಡೆಯಲ್ಲಿ ಎರಡು ಕೋಣೆ ಹಿಡಿದುಕೊಂಡಿದ್ದೆವು: ಅಪ್ಪ, ಅವ್ವ, ನಾನು. ಅಪ್ಪ ವಾಸುದೇವರಾವ್ ಕೋರ್ಟಿನಲ್ಲಿ ರೀಡರ್ ಆಗಿದ್ದ. ಕಾಗದಪತ್ರಗಳನ್ನು ನ್ಯಾಯಾಧೀಶರ ಎದುರು ಗಟ್ಟಿಯಾಗಿ ಓದುವುದು ಅವನ ಕೆಲಸ. ಈಗಿನ ಶಿವಾಜಿನಗರವನ್ನು ಆಗ ಭಾಂಬುರ್ಡೆ ಎನ್ನುತ್ತಿದ್ದರು. ನದಿಯ ಮೇಲಿನ ಲಕಡಿ ಪೂಲ್ ದಾಟಿ ಅಲ್ಲಿಯವರೆಗೆ ನಡೆದೇ ಹೋಗುತ್ತಿದ್ದ. ಅವನು ಓದಿದರೆ ಕಟ್ಟೆಯ ಮೇಲೆ ಕುಳಿತ ಕಕ್ಷಿದಾರನಿಗೂ ಕೇಳಿಸುತ್ತಿತ್ತಂತೆ. ಬೆಳಿಗ್ಗೆ ವಾಡೆಯ ಅಂಗಳದಲ್ಲಿ ಕುಳಿತು ಪತ್ರಿಕೆ ಓದುತ್ತಿದ್ದ. ಮೇಲಿನ ಮಾಳಿಗೆಯ ಹೆಂಗಸರು ಅಕ್ಕಿ ಆರಿಸುತ್ತಲೇ ಯುರೋಪಿನ ಸುದ್ದಿಯನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದರು.

ಮಗಳಿಗೂ ಅದೇ ಗಂಟಲು ಬಂದಿತ್ತು. ನನ್ನ ಹೆಸರು ಗಂಗಾ. ದೊಡ್ಡಪ್ಪ ಇಟ್ಟ ಹೆಸರು ಬಾಯಿಬಡಕಿ. ಹೆಣ್ಣುಮಕ್ಕಳ ದನಿ ಹೊಸಿಲು ದಾಟಬಾರದು ಎಂದು ಅವರು ಹೇಳಿದಾಗಲೆಲ್ಲ ಅಪ್ಪ, "ಇರ್ಲಿ ಬಿಡ್ರಿ ಅಣ್ಣಾ, ನಾ ಇಲ್ಲದಾಗ ನನ್ನ ಬದ್ಲಿ ಅಕೀನs ಓದ್ತಾಳ" ಎಂದು ನಗುತ್ತಿದ್ದ. ತಮಾಷೆಗೆ ಆಡಿದ ಮಾತು ನಿಜವಾಯಿತು.

ಆ ಮಳೆಗಾಲದಲ್ಲಿ ಅಪ್ಪನ ದನಿ ಒಡೆಯಿತು. ಶೀತ ಎಂದುಕೊಂಡೆವು. ಜ್ಯೇಷ್ಠಮಧು ಜಗಿದದ್ದಾಯಿತು, ಅರಿಶಿನದ ಹಾಲು ಕುಡಿದದ್ದಾಯಿತು. ಗಣಪತಿ ಹಬ್ಬದ ಆರತಿಯ ಹೊತ್ತಿಗೆ ಬಾಯಿ ತೆರೆದರೆ ಬರೀ ಗಾಳಿ. ಕ್ಯಾಂಪಿನ ಕಡೆಯ ಒಂದು ಖಾಸಗಿ ಆಸ್ಪತ್ರೆಯ ಡಾಕ್ಟರ ಬಳಿಗೆ ಹೋದೆವು. ಪರದೇಶದಲ್ಲಿ ಕಲಿತು ಬಂದ ಮರಾಠಿ ಮನುಷ್ಯ, ಚೂಪು ಮೂಗು, ಚೂಪು ಮಾತು. ಗಂಟಲಲ್ಲಿ ಗಡ್ಡೆ ಇದೆ, ಧ್ವನಿಪೆಟ್ಟಿಗೆಯನ್ನೇ ತೆಗೆಯದಿದ್ದರೆ ಮುಂದಿನ ವರ್ಷದ ದೀಪಾವಳಿ ಇಲ್ಲ ಎಂದರು. ಆ ವರ್ಷದ ದೀಪಾವಳಿ ಮುಗಿದ ಮರುವಾರ ತೆಗೆದರು. ಉಸಿರಿನ ಕೊಳವೆಯ ಬಾಯಿಯನ್ನು ಕೊರಳಿಗೆ ತಂದು ಹೊಲಿದರು. ಅಂದಿನಿಂದ ಅಪ್ಪ ಉಸಿರಾಡಿದ್ದು ಕೊರಳಿನಿಂದ, ಬಾಯಿ ಊಟಕ್ಕಷ್ಟೇ.

ಪ್ರಾಣ ಉಳಿಯಿತು. ಅದಕ್ಕೆ ಆ ಡಾಕ್ಟರಿಗೆ ಕೈಮುಗಿದಿದ್ದೇನೆ, ಇಲ್ಲವೆನ್ನುವುದಿಲ್ಲ.

ಅಪ್ಪ ಪಾಟಿ ಹಿಡಿದ. ನನ್ನ ಬಿನ್ನಿ ತರಗತಿಯ ಹಳೆಯ ಸ್ಲೇಟು, ಮರದ ಚೌಕಟ್ಟಿನದು. ಮರಾಠಿಯವರಿಗೆ ಮೋಡಿ ಅಕ್ಷರ, ನಮಗೆ ಕನ್ನಡ. ಮೂಗ ಎಂದರೆ ಕಿವುಡ ಎಂದೂ ಜನ ತಿಳಿಯುತ್ತಾರೆಂದು ನನಗೆ ಆಗಲೇ ಗೊತ್ತಾದದ್ದು. ಬಂದವರೆಲ್ಲ ಅವನ ಕಿವಿಯ ಹತ್ತಿರ ಬಾಯಿ ತಂದು ಚೀರುತ್ತಿದ್ದರು. ಇಲ್ಲವೆಂದರೆ ಅವನು ಅಲ್ಲಿ ಇಲ್ಲವೇ ಇಲ್ಲ ಎಂಬಂತೆ ನಮ್ಮೊಡನೆ ಮಾತಾಡುತ್ತಿದ್ದರು. "ಊಟ ಮಾಡ್ತಾರೇನು? ನಿದ್ದಿ ಬರ್ತದೇನು?" ಎಂದು ಅವನ ಎದುರಿಗೇ ಅವ್ವನನ್ನು ಕೇಳುತ್ತಿದ್ದರು. ನಾನು ಸುಮ್ಮನಿರುತ್ತಿರಲಿಲ್ಲ. "ಅಲ್ಲೇ ಕೂತಾರಲ್ರಿ, ಅವ್ರನ್ನs ಕೇಳ್ರಿ. ಕಿವಿ ತಗದಿಲ್ಲ ಡಾಕ್ಟರು" ಎನ್ನುತ್ತಿದ್ದೆ. ಕೋರ್ಟಿನವರು ಅಪ್ಪನನ್ನು ಹಳೆಯ ಕಡತಗಳ ದಫ್ತರಖಾನೆಯ ಧೂಳಿಗೆ ವರ್ಗ ಮಾಡಿದರು. ಕೊರಳಲ್ಲಿ ತೂತಿದ್ದವನಿಗೆ ಧೂಳು! ಹಳೆಯ ಮಲ್‌ಮಲ್ ಧೋತರ ಹರಿದು, ಚೌಕ ಚೌಕ ಕತ್ತರಿಸಿ, ಅಂಚು ಮಡಿಸಿ ನಾನು ಹೊಲಿದು ಕೊಡುತ್ತಿದ್ದೆ. ಒದ್ದೆ ಮಾಡಿ ತೂತಿನ ಮೇಲೆ ಇಳಿಬಿಟ್ಟುಕೊಂಡು ಹೋಗುತ್ತಿದ್ದ.

ಅಂಗಳದಲ್ಲಿ ಪತ್ರಿಕೆ ಓದುವುದು ನನ್ನ ಪಾಲಿಗೆ ಬಂತು. ತರಕಾರಿಯವಳೊಡನೆ, ಟಾಂಗಾದವನೊಡನೆ, ಡಾಕ್ಟರೊಡನೆ ಅಪ್ಪನ ಪರವಾಗಿ ನಾನೇ ಮಾತು. ಅಪ್ಪ ಪಾಟಿಯ ಮೇಲೆ ಮೊದಲ ಪದ ಬರೆಯುವಷ್ಟರಲ್ಲಿ ಉಳಿದದ್ದನ್ನು ನಾನು ಹೇಳಿ ಮುಗಿಸಿರುತ್ತಿದ್ದೆ. ಅಪ್ಪ ಹುಬ್ಬು ಹಾರಿಸಿ ಅವ್ವನ ಕಡೆ ನೋಡುತ್ತಿದ್ದ. ಇದನ್ನು ಓದುವವರು ನೆನಪಿಟ್ಟುಕೊಳ್ಳಬೇಕು: ಆ ವರ್ಷ ನಮ್ಮ ಮನೆಯ ಗಂಟಲು ನಾನು.

ಸಂಕ್ರಮಣ ಕಳೆದ ಮೇಲೆ ಬೆಳಗಾವಿಯಿಂದ ದೊಡ್ಡಪ್ಪ ಬಂದರು, ಗಂಡಿನ ಸುದ್ದಿ ಹಿಡಿದುಕೊಂಡು. ಹುಡುಗ ಪುಣೆ ಹತ್ತಿರದ ಶಿರೂರಿನ ತಾಲೂಕು ಕಚೇರಿಯಲ್ಲಿ ಕಾರಕೂನ, ನಮ್ಮ ಪೈಕಿಯವರೇ. ನನಗೆ ಹದಿನೇಳು, ಆ ಕಾಲಕ್ಕೆ ತಡವೇ. ಮ್ಯಾಟ್ರಿಕ್ ಪರೀಕ್ಷೆಗೆ ಕೂತ ಮೇಲೆಯೇ ಮದುವೆ ಎಂದು ಅಪ್ಪ ಪಾಟಿಯಲ್ಲಿ ಬರೆದು, ಅಡಿಗೆರೆ ಎಳೆದು ತೋರಿಸಿದ. ಜ್ಯೇಷ್ಠ ಮಾಸದ ಮುಹೂರ್ತ ಗೊತ್ತಾಯಿತು.

ನಿಶ್ಚಯದ ದಿನ ಬೀಗರ ಎದುರಿಗೆ, ತುಂಬಿದ ಕೋಣೆಯಲ್ಲಿ, ದೊಡ್ಡಪ್ಪ ಹೇಳಿದರು: "ವಾಸುಗ ಬಾಯಿಲ್ಲ. ಧಾರಿ ನಾ ಎರೀತೀನಿ."

ಅವರಿಗೆ ಮೂರೂ ಗಂಡುಮಕ್ಕಳು. ಹೆಣ್ಣಿಲ್ಲದವನಿಗೆ ಕನ್ಯಾದಾನದ ಪುಣ್ಯ ಎಲ್ಲಿಂದ ಬರಬೇಕು? ಆ ಪುಣ್ಯದ ಮೇಲೆ ಅವರಿಗೆ ಎಷ್ಟೋ ವರ್ಷದ ಕಣ್ಣು. ಅಪ್ಪ ಪಾಟಿ ತೆಗೆದುಕೊಂಡ. ಬಳಪ ಮುರಿಯುವ ಹಾಗೆ ಒತ್ತಿ ಬರೆದು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದ: ನನ್ನ ಮಗಳು, ನಾನೇ.

ದೊಡ್ಡಪ್ಪ ನಕ್ಕರು. "ಪಾಟೀ ಮ್ಯಾಲೆ ಬರದು ಧಾರಿ ಎರಿಯೂದು ಯಾವ ಶಾಸ್ತ್ರದಾಗ ಅದನೊ ವಾಸು? ಸಂಕಲ್ಪ ಬಾಯಿಲೆ ಹೇಳ್ಬೇಕಪಾ."

ಕೋಣೆಯವರೆಲ್ಲ ತಲೆಯಾಡಿಸಿದರು. ಅಪ್ಪ ಪಾಟಿಯನ್ನು ತೊಡೆಯ ಮೇಲೆ ಬೋರಲಾಗಿಟ್ಟುಕೊಂಡ. ಧ್ವನಿಪೆಟ್ಟಿಗೆ ಹೋದಾಗಲೂ ಅವನ ಮುಖ ಅಷ್ಟು ಸಣ್ಣದಾಗಿರಲಿಲ್ಲ. ಮರುದಿನ ಬೆಳಿಗ್ಗೆ ನನ್ನನ್ನು ಕರೆದುಕೊಂಡು ಡಾಕ್ಟರ ಹತ್ತಿರ ಹೋದ. ಪಾಟಿಯಲ್ಲಿ ಒಂದೇ ಸಾಲು: ಜ್ಯೇಷ್ಠದೊಳಗೆ ನನಗೆ ದನಿ ಬೇಕು.

ಡಾಕ್ಟರಿಗೆ ಖುಷಿಯಾಯಿತು. ಇಂಥ ಪ್ರಶ್ನೆಗೇ ಕಾದಿದ್ದವರಂತೆ ಕುರ್ಚಿ ಎಳೆದುಕೊಂಡು ಕುಳಿತರು. ಮೂರು ದಾರಿ ಇವೆ ಎಂದರು. ಒಂದು, ಗಾಳಿ ನುಂಗಿ ತೇಗಿನಲ್ಲಿ ಮಾತಾಡುವುದು. ಅದಕ್ಕೆ ಕತ್ತರಿ ಬೇಡ, ತಾಳ್ಮೆ ಬೇಕು, ಕಲಿಯಲು ಒಂದು ವರ್ಷವೂ ಹಿಡಿಯಬಹುದು. ಅಪ್ಪ ಹದಿನೈದು ದಿನ ಪ್ರಯತ್ನಪಟ್ಟ. ಹುಳಿತೇಗು ಬಂತು, ಅಕ್ಷರ ಬರಲಿಲ್ಲ.

ಎರಡನೆಯದು ಒಂದು ಯಂತ್ರ. ಪರದೇಶದಿಂದ ತರಿಸಿಟ್ಟುಕೊಂಡಿದ್ದರು: ಅಂಗೈಯಲ್ಲಿ ಹಿಡಿಯುವಷ್ಟು ಲೋಹದ ಡಬ್ಬಿ, ಒಳಗೆ ಪೀಪಿಯಂತೆ ನಡುಗುವ ಒಂದು ನಾಲಿಗೆ. ಒಂದು ರಬ್ಬರ್ ಕೊಳವೆ ಕೊರಳಿನ ತೂತಿಗೆ, ಇನ್ನೊಂದು ಬಾಯಿಗೆ. ಉಸಿರು ಬಿಟ್ಟರೆ ಡಬ್ಬಿ ಕೂಗುತ್ತದೆ, ತುಟಿ ನಾಲಿಗೆ ಆಡಿಸಿದರೆ ಆ ಕೂಗೇ ಮಾತಾಗುತ್ತದೆ. ನಾಲ್ಕೇ ದಿನದಲ್ಲಿ ಅಪ್ಪ "ಗಂಗೂ" ಎಂದ! ಜಾತ್ರೆಯ ಪೀಪಿ ಕರೆದ ಹಾಗಿತ್ತು, ಆದರೆ ಕರೆದವನು ನಮ್ಮಪ್ಪ. ಅವ್ವ ಸೆರಗು ಬಾಯಿಗೊತ್ತಿ ಅತ್ತಳು. ಅಲ್ಲಿಗೆ ಎಲ್ಲ ಮುಗಿಯಬೇಕಿತ್ತು. ಆ ಪೀಪಿ ಅಪ್ಪನ ಒಂದು ಕೂದಲನ್ನೂ ಕೊಂಕಿಸುತ್ತಿರಲಿಲ್ಲ.

ಆದರೆ ದೊಡ್ಡಪ್ಪನ ಕಾಗದ ಬಂತು. ರಬ್ಬರು ಮಡಿಗೆ ಬರುವುದಿಲ್ಲ. ಬಾಯಿಗೆ ಹಾಕಿದ ಕೊಳವೆ ಎಂಜಲು. ಎಂಜಲಾದ ಯಂತ್ರ ಹಿಡಿದು ದೇವರ, ಬ್ರಾಹ್ಮಣರ ಮುಂದೆ ಸಂಕಲ್ಪ ಮಾಡಿದರೆ ಬೀಗರು ಎದ್ದುಹೋಗುತ್ತಾರೆ. ನಾನು ಆ ಕಾಗದವನ್ನು ಒಲೆಗೆ ಹಾಕಿದೆ. ಅಪ್ಪ ಅಷ್ಟರಲ್ಲಿ ಓದಿಯಾಗಿತ್ತು. ಪೀಪಿಯನ್ನು ಬಟ್ಟೆಯಲ್ಲಿ ಸುತ್ತಿ ಡಾಕ್ಟರಿಗೆ ಮರಳಿಸಿದ.

ಆಗ ಡಾಕ್ಟರು ಮೂರನೆಯ ದಾರಿ ತೆಗೆದರು. ಅಮೆರಿಕಾದಲ್ಲಿ ಧ್ವನಿಪೆಟ್ಟಿಗೆ ಕಳೆದುಕೊಂಡ ಒಬ್ಬ, ಮಂಜುಗಡ್ಡೆ ಒಡೆಯುವ ಮೊಳೆಯನ್ನು ಕಾಯಿಸಿ ತನ್ನ ಕೊರಳೊಳಗೆ ತಾನೇ ಚುಚ್ಚಿಕೊಂಡನಂತೆ. ಉಸಿರಿನ ಕೊಳವೆಯಿಂದ ಅನ್ನದ ಕೊಳವೆಗೆ ತೂತಾಯಿತು, ಮಾತು ಬಂತು. ಅದನ್ನು ನೋಡಿದ ಅಲ್ಲಿಯ ಸರ್ಜನ್ ಬೇಕೆಂದೇ ಅಂಥ ತೂತು ಮಾಡತೊಡಗಿದನಂತೆ. ಕಥೆ ಹೇಳುತ್ತ ಡಾಕ್ಟರು ನಕ್ಕರು. "ಕರೆಂಟಿನ ಸೂಜಿ, ಹತ್ತು ನಿಮಿಷದ ಕೆಲಸ. ಹಿಂದುಸ್ತಾನದಲ್ಲಿ ಯಾರೂ ಮಾಡಿದ್ದನ್ನು ನಾನು ಕೇಳಿಲ್ಲ" ಎಂದು ಮರಾಠಿಯಲ್ಲಿ ಹೇಳಿದಾಗ ಅವರ ಕಣ್ಣು ಹೊಳೆಯಿತು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.

"ಅಪಾಯ ಏನು?" ಎಂದು ಕೇಳಿದವಳು ನಾನು.

ಗಾಳಿ ಹೋಗುವ ದಾರಿಯಲ್ಲಿ ನೀರೂ ಬರುತ್ತದೆ ಎಂದರು. ಅದಕ್ಕೆ ಒಂದು ಸಣ್ಣ ರಬ್ಬರ್ ಬಿರಡೆ ಕೊಡುತ್ತೇನೆ ಎಂದರು. ಕುಡಿಯುವಾಗ ಹಾಕಬೇಕು, ಮಾತಾಡುವಾಗ ತೆಗೆಯಬೇಕು. ಬಿರಡೆ ತೆಗೆದಾಗ ಒಂದು ಹನಿ ನೀರೂ ಬಾಯಿಗೆ ಹೋಗಕೂಡದು, ಹೋದರೆ ನೇರ ಪುಪ್ಪುಸಕ್ಕೆ. "ಪಾಣಿ ನಾಹೀ!" ಎಂದು ಬೆರಳೆತ್ತಿ ನನಗೆ ಮೂರು ಸಲ ಹೇಳಿದರು. ನಾನು ಮೂರು ಸಲ ಹೂಂ ಎಂದೆ.

ಚೈತ್ರದ ಬಿಸಿಲಲ್ಲಿ ತೂತಾಯಿತು. ಗಾಯ ಆರಿದ ಮೇಲೆ ಒಂದು ಮಧ್ಯಾಹ್ನ ಡಾಕ್ಟರು ಬಿರಡೆ ಎಳೆದು, ಅಪ್ಪನ ಹೆಬ್ಬೆರಳನ್ನು ಹಿಡಿದು ಅವನ ಕೊರಳಿಗೇ ಒತ್ತಿ, "ಬೋಲಾ, ಬೋಲಾ" ಎಂದರು. ಅಪ್ಪ ಕೆಮ್ಮಿದ. ಲೋಳೆ ಒರೆಸಿಕೊಂಡ. ಮತ್ತೆ ಒತ್ತಿದ. ಕಲ್ಲುಹಾಸಿನ ಮೇಲೆ ಭಾರದ ಪೆಟ್ಟಿಗೆ ಎಳೆದಂಥ ದನಿ ಬಂತು. "ಗಂಗೂ, ನಿಮ್ಮವ್ವನ್ನ ಕರಿ." ಆ ದನಿ ಮೊದಲಿನದಾಗಿರಲಿಲ್ಲ, ಆದರೆ ಪೀಪಿಯದೂ ಆಗಿರಲಿಲ್ಲ. ನಾನು ಓಡಿದೆ. ಅಷ್ಟು ಸಂತೋಷ ನನಗೆ ಆಮೇಲೆ ಯಾವತ್ತೂ ಆಗಿಲ್ಲ, ಮಕ್ಕಳು ಹುಟ್ಟಿದಾಗಲೂ ಆಗಿಲ್ಲ.

ಮುಂದಿನ ವಾರವೇ ಡಾಕ್ಟರು ನಾಲ್ಕಾರು ಡಾಕ್ಟರುಗಳನ್ನು ಕರೆಸಿ ಅಪ್ಪನನ್ನು ಮಧ್ಯೆ ಕೂರಿಸಿದರು. ಬಿರಡೆ ತೆಗೆ, ಮಾತಾಡು. ಬಿರಡೆ ಹಾಕು, ನೀರು ಕುಡಿ. ಮತ್ತೆ ತೆಗೆ. ಫೋಟೋ ಹಿಡಿದರು, ಚಪ್ಪಾಳೆ ತಟ್ಟಿದರು. ಕೋಲೆಬಸವನಿಗೂ ಹಾಡು ಮುಗಿದ ಮೇಲೆ ಬೊಗಸೆ ಕಾಳು ಸಿಗುತ್ತದೆ. ಅಪ್ಪನಿಗೆ ಒಂದು ಬಾಳೆಹಣ್ಣನ್ನೂ ಯಾರೂ ಕೊಡಲಿಲ್ಲ.

ಮನೆಯಲ್ಲಿ ಅಭ್ಯಾಸ ಶುರುವಾಯಿತು. ಬೆಳಿಗ್ಗೆ ಅಂಗಳದ ತುಳಸಿಯ ಮುಂದೆ ನಿಂತು, ಎಡಗೈ ಹೆಬ್ಬೆರಳು ಕೊರಳಿಗೊತ್ತಿ, ಗೋತ್ರ, ಮೂರು ತಲೆಮಾರಿನ ಹೆಸರು, ನನ್ನ ಹೆಸರು. ಒಂದೊಂದು ಉಸಿರಿಗೆ ನಾಲ್ಕೈದು ಪದ. ಪುಣೆಯ ಬೇಸಿಗೆಯಲ್ಲಿ ಬಾಯಾರಿಕೆ ಕೇಳಬೇಕೇ? ಕುಡಿಯಬೇಕೆಂದರೆ ಕಿಟಕಿಗೆ ಕನ್ನಡಿ ಒರಗಿಸಿ, ಬಾಗಿ, ಕೊರಳಿನ ತೂತಿನ ಮೂಲಕ ಒಳಗಿನ ಹೊಸ ತೂತಿಗೆ ಚಿಮಟದಿಂದ ಬಿರಡೆ ಕೂರಿಸಬೇಕು. ಕೆಮ್ಮು ಬರುತ್ತದೆ, ಲೋಳೆ ಹಾರುತ್ತದೆ. ಅದಕ್ಕೇ ಅಪ್ಪ ಯಾರ ಎದುರಿಗೂ ಅದನ್ನು ಮಾಡುತ್ತಿರಲಿಲ್ಲ. ಒಂದು ದಿನ ಮರೆತು, ಬಿರಡೆ ಇಲ್ಲದೆ ಒಂದು ಗುಟುಕು ನೀರು ಕುಡಿದ. ಮುಖ ನೀಲಿಯಾಗಿ ನೆಲಕ್ಕೆ ಕುಸಿದ. ಬೆನ್ನು ಗುದ್ದಿ ಗುದ್ದಿ ಅವ್ವನ ಕೈ ಬಾತುಹೋಯಿತು. ಎರಡು ದಿನ ಜ್ವರ ಬಂದು ಬಿಟ್ಟಿತು. ಒಂದು ಗುಟುಕಿಗೆ ಏನಾಗುತ್ತದೆಂದು ನಾನು ಕಣ್ಣಾರೆ ನೋಡಿದ್ದೆ.

ಮದುವೆಗೆ ವಾರವಿರುವಾಗ ನನಗೆ ಹೊಳೆಯಿತು: ಆಚಮನ! ಸಂಕಲ್ಪಕ್ಕೆ ಮುಂಚೆ ಉದ್ಧರಣೆಯ ಪುಟ್ಟ ಚಮಚದಿಂದ ಅಂಗೈಗೆ ಮೂರು ಸಲ ನೀರು ಹಾಕಿಕೊಂಡು ಹೀರಬೇಕು. ದನಿಗಾಗಿ ಅಪ್ಪ ಬಿರಡೆ ತೆಗೆದಿರುತ್ತಾನೆ. ನಮ್ಮ ಮನೆಯ ಭಟ್ಟರ ಬಳಿಗೆ ನಾನೇ ಹೋದೆ. ಸಣ್ಣಗಿನ, ಒಳ್ಳೆಯ ಮುದುಕ. ಎಲ್ಲ ಹೇಳಿದೆ.

"ಅಯ್ಯ, ಇಷ್ಟಕ್ಕ ಯಾಕ ಅಳ್ತೀ ತಂಗಿ?" ಎಂದರು. "ನೀರು ಕುಡಿಯೂದು ಆಗಲಿಲ್ಲಂದ್ರ ಬಲಗಿವಿ ಮುಟ್ಕೊಂಡ್ರ ಸಾಕು. ಬಲಗಿವಿಯೊಳಗ ಗಂಗಿ ಇರ್ತಾಳ. ಅದೂ ಆಚಮನನs. ಶಾಸ್ತ್ರದಾಗs ಅದ."

ನೋಡಿ, ಶಾಸ್ತ್ರಕ್ಕೂ ಕರುಣೆ ಇತ್ತು. ನಾನು ಮನೆಗೆ ಬಂದು ಅಪ್ಪನಿಗೆ ಹೇಳಿದೆ. ಅವನು ತಲೆಯಾಡಿಸಿ ಬಲಗಿವಿ ಮುಟ್ಟಿ ನಕ್ಕ. ದೊಡ್ಡಪ್ಪ ಬೆಳಗಾವಿಯಿಂದ ಇಳಿದ ಕೂಡಲೇ ಅವರಿಗೂ ಹೇಳಿದೆ. ಒಂದು ಹನಿ ನೀರೂ ಕೂಡದು ಎಂದೆ. "ತೀರ್ಥದ ನೀರು ಯಾರನ್ನೂ ಕೊಂದಿಲ್ಲವಾ" ಎಂದು ಗೊಣಗಿ ಪೇಟ ಬಿಚ್ಚಿಟ್ಟರು.

ವಾಡೆಯ ಅಂಗಳದಲ್ಲಿ ಮದುವೆಯ ಹಂದರ ಎದ್ದಿತು. ಮಳೆ ಇನ್ನೂ ಬಂದಿರಲಿಲ್ಲ, ಮುಗಿಲು ಮಾತ್ರ ಕಟ್ಟಿ ಸೆಕೆ ಹೊಯ್ಯುತ್ತಿತ್ತು. ಬೆಳಿಗ್ಗೆ ಹೂವಿನ ದಂಡೆ ಕಟ್ಟುತ್ತ ಅವ್ವ ಕಿವಿಯಲ್ಲಿ ಹೇಳಿದಳು: "ಇವತ್ತೊಂದಿನ ತಲಿ ತಗ್ಗಿಸಿ, ಬಾಯಿ ಮುಚ್ಕೊಂಡು ಕೂಡು ನಮ್ಮವ್ವಾ. ಬೀಗ್ರು ಕಣ್ಣು ಬಿಟ್ಕೊಂಡು ನೋಡ್ತಿರ್ತಾರ." ಹೂಂ ಎಂದೆ. ಹಾಳು ಹೂಂ.

ಧಾರೆಯ ಹೊತ್ತಾಯಿತು. ಅಪ್ಪ ಒಳಕೋಣೆಗೆ ಹೋಗಿ ಬಿರಡೆ ತೆಗೆದು ಬಂದು ಮಣೆಯ ಮೇಲೆ ಕುಳಿತ. ಹೊಸ ಧೋತರ, ಕೊರಳಿಗೆ ನಾನು ಹೊಲಿದ ರೇಷ್ಮೆ ಅಂಚಿನ ಚೌಕ. ಅವನ ಮುಖದಲ್ಲಿ ಕೋರ್ಟಿಗೆ ಹೋಗುವ ದಿನಗಳ ಕಳೆ ಇತ್ತು. ಭಟ್ಟರು ಪಂಚಪಾತ್ರೆ ಮುಂದಿಟ್ಟು, "ಆಚಮನಕ್ಕ ಕಿವಿ ಮುಟ್ಕೋರಿ ವಾಸುದೇವರಾಯರ" ಎಂದರು. ಅಪ್ಪನ ಕೈ ಕಿವಿಯ ಕಡೆ ಎದ್ದಿತು.

"ಕಿವಿ ಯಾಕ್ರಿ ಭಟ್ರ?" ದೊಡ್ಡಪ್ಪನ ದನಿ. "ಎದುರಿಗೆ ನೀರು ತುಂಬಿ ಕೂತದ. ನೀರಿಲ್ಲದ ಅಡವ್ಯಾಗ ಇದ್ದೇವೇನು? ಧಾರಿ ಅರ್ಧಾ ಆತು ಅಂತ ನಾಳೆ ಬೀಗ್ರು ಆಡ್ಕೊಂಡ್ರ ಯಾರು ಹೊಣಿ?"

ಬೀಗರ ಸಾಲಿನಲ್ಲಿ ಯಾರೋ ಹೌದು ಹೌದು ಎಂದರು. ಭಟ್ಟರು ಬಾಯಿ ತೆರೆದರು, ಅಷ್ಟು ಜನ ಹಿರಿಯರನ್ನು ನೋಡಿದರು, ಪುಸ್ತಕದೊಳಗೆ ಮುಖ ಹುದುಗಿಸಿದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಇದಕ್ಕೇ. ಬಿರಡೆ ಹಾಕಿಕೊಂಡು ಬರಲು ಅಪ್ಪ ಎದ್ದುಹೋಗಬಹುದಿತ್ತು. ತುಂಬಿದ ಹಂದರದಲ್ಲಿ ಮುಹೂರ್ತ ನಿಲ್ಲಿಸಿ ಕನ್ನಡಿ ಹುಡುಕಿಕೊಂಡು ಹೋಗುವವನಲ್ಲ ನಮ್ಮಪ್ಪ. ಅವನಿಗೆ ಪೂರ್ತಿ ಅಪ್ಪನಾಗಬೇಕಿತ್ತು. ಉದ್ಧರಣೆ ಎತ್ತಿದ.

ನಾನು ಒಂದು ಮೊಳ ದೂರದಲ್ಲಿದ್ದೆ. ತಲೆ ತಗ್ಗಿಸಿದ್ದರೂ ಅವನ ಅಂಗೈ ಕಾಣುತ್ತಿತ್ತು. ಮೊದಲ ಉದ್ಧರಣೆ. ಎರಡನೆಯದು. ಅವನ ಹೆಗಲು ಒಮ್ಮೆ ಜಿಗಿಯಿತು, ಹಲ್ಲು ಕಚ್ಚಿ ಕೆಮ್ಮನ್ನು ಒಳಗೇ ಹಿಡಿದ. ಮೂರನೆಯದು. ಆಮೇಲೆ ಒದ್ದೆ ಕೈಯನ್ನು ಒರೆಸಿಕೊಂಡು, ಎಡಗೈ ಹೆಬ್ಬೆರಳು ಕೊರಳಿಗೊತ್ತಿ, ಗೋತ್ರ ಹೇಳಿದ. ಮುತ್ತಜ್ಜನ ಹೆಸರು, ಅಜ್ಜನ ಹೆಸರು, ತನ್ನ ಹೆಸರು, ನನ್ನ ಹೆಸರು. ನಡುನಡುವೆ ಒಳಗೆ ನೀರು ಗೊರಗೊರ ಎನ್ನುತ್ತಿತ್ತು. ಒಂದು ಅಕ್ಷರ ಬಿಡಲಿಲ್ಲ. ಹಂದರದಲ್ಲಿ ಬಳೆಯ ಸದ್ದೂ ಇರಲಿಲ್ಲ. ದೊಡ್ಡಪ್ಪ ಶಲ್ಯದಿಂದ ಕಣ್ಣೊರೆಸಿಕೊಂಡರು. ಆ ಕಣ್ಣೀರಿನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ಅಕ್ಷತೆ ಬಿದ್ದ ಮೇಲೆ ಅಪ್ಪ ಒಳಗೆ ಹೋದ. ಕೆಮ್ಮು ಓಲಗದ ಸದ್ದಿನಲ್ಲಿ ಮುಚ್ಚಿಹೋಯಿತು. ಮರುದಿನ ನನ್ನನ್ನು ಶಿರೂರಿಗೆ ಕಳಿಸಿದರು. ಬಾಗಿಲಲ್ಲಿ ನಿಂತವನ ಕೈ ಹಿಡಿದೆ, ಬಿಸಿಯಿತ್ತು. ಐದನೆಯ ದಿನ ತಂತಿ ಬಂತು. ನನ್ನ ಗಂಡ ಮರುಮಾತಾಡದೆ ಕರೆದುಕೊಂಡು ಬಂದರು. ಅವರು ಒಳ್ಳೆಯವರು, ಕೊನೆಯವರೆಗೂ ಒಳ್ಳೆಯವರೇ ಆಗಿದ್ದರು. ಈ ಕಥೆಯಲ್ಲಿ ಅವರ ತಪ್ಪಿಲ್ಲ.

ಅಪ್ಪನನ್ನು ಅದೇ ಆಸ್ಪತ್ರೆಗೆ ಸೇರಿಸಿದ್ದರು. ನೀರಿನ ನಂಜು ಎರಡೂ ಪುಪ್ಪುಸಕ್ಕೆ ಇಳಿದಿತ್ತು. ಈಗಿನ ಪೆನಿಸಿಲಿನ್ನಿನಂಥ ಸೂಜಿಮದ್ದು ಆಗ ಇರಲಿಲ್ಲ. ನೀರು ಕೊಟ್ಟವರು ಯಾರು, ನಾನು ಹೇಳಿರಲಿಲ್ಲವೇ ಎಂದು ಡಾಕ್ಟರು ನನ್ನ ಮೇಲೆ ಹರಿಹಾಯ್ದರು. ನಾನೂ ಬಿಡಲಿಲ್ಲ. ಮುಚ್ಚಲು ಬಾರದ ಬಾಗಿಲು ಯಾಕೆ ತೆಗೆದಿರಿ ಎಂದು ಆಸ್ಪತ್ರೆಯೇ ನಡುಗುವಂತೆ ಕೂಗಾಡಿದೆ. ದೊಡ್ಡಪ್ಪನಿಗೂ ಅಂದೆ, ಭಟ್ಟರ ಮನೆಗೆ ಹೋಗಿ ಅವರ ಅಂಗಳದಲ್ಲಿ ನಿಂತೂ ಅಂದೆ. ಮದುವೆಯಾದ ವಾರದಲ್ಲೇ ಈ ಪರಿ ಬಾಯಿ ಮಾಡುವ ಹೆಣ್ಣನ್ನು ಪೇಟೆ ಕಂಡಿರಲಿಲ್ಲವಂತೆ.

ಕೊನೆಯ ದಿನ ಮಧ್ಯಾಹ್ನ ಹೊರಗೆ ಮೊದಲ ಮಳೆ. ಅಪ್ಪನಿಗೆ ಹೆಬ್ಬೆರಳು ಒತ್ತುವ ಶಕ್ತಿ ಇರಲಿಲ್ಲ. ಪಾಟಿ ಬೇಕೆಂದು ಸನ್ನೆ ಮಾಡಿದ. ನಾನು ಹಿಡಿದುಕೊಂಡೆ, ಅವನು ಬರೆದ. ಅಕ್ಷರ ಗೀಚಿದಂತಿತ್ತು: ಎಲ್ಲಾರಿಗೂ ಕೇಳಿಸ್ತೇನು?

"ಕಡೀ ಸಾಲಿನವ್ರಿಗೂ ಕೇಳಿಸ್ತಪ್ಪಾ" ಎಂದೆ. "ಮಾಳಿಗೀ ಮ್ಯಾಲಿನವ್ರಿಗೂ ಕೇಳಿಸ್ತು."

ಅವನ ಮುಖದಲ್ಲಿ ನಗೆ ಮೂಡಿತು. ಪಾಟಿ ಎದೆಯ ಮೇಲೆಯೇ ಉಳಿಯಿತು.

ಇಷ್ಟು ವರ್ಷ ನಾನು ಬೈದವರಲ್ಲಿ ಈಗ ಯಾರೂ ಉಳಿದಿಲ್ಲ. ಡಾಕ್ಟರು ಹೋದರು, ಭಟ್ಟರು ಹೋದರು, ತಮ್ಮನ ಕರ್ಮಗಳನ್ನು ಅಳುತ್ತಲೇ ಮಾಡಿದ ದೊಡ್ಡಪ್ಪನೂ ಹೋದರು. ಬೈದದ್ದರಲ್ಲಿ ತಪ್ಪಿಲ್ಲ, ಇನ್ನೊಮ್ಮೆ ಬೈಯಲೂ ಸಿದ್ಧ. ಆದರೆ ಡಾಕ್ಟರು ಹಂದರದಲ್ಲಿ ಇರಲಿಲ್ಲ. ಒಂದು ಗುಟುಕಿಗೆ ಅಪ್ಪ ನೀಲಿಯಾದದ್ದನ್ನು ದೊಡ್ಡಪ್ಪನಾಗಲಿ ಭಟ್ಟರಾಗಲಿ ಕಂಡಿರಲಿಲ್ಲ. ಅವ್ವ ಕಂಡಿದ್ದಳು, ಆದರೆ ಧಾರೆಯ ಕಲಶ ಹಿಡಿದು ನಿಂತವಳಿಗೆ ಅಪ್ಪನ ಬೆನ್ನು ಮಾತ್ರ ಕಾಣುತ್ತಿತ್ತು. ಎಲ್ಲವನ್ನೂ ತಿಳಿದು, ಅಪ್ಪನ ಅಂಗೈಯನ್ನೇ ನೋಡುತ್ತ, ಒಂದು ಮೊಳ ದೂರದಲ್ಲಿ ಕುಳಿತಿದ್ದವಳು ನಾನೊಬ್ಬಳೇ. ತರಕಾರಿಯವಳ ಮೇಲೆ ಎದ್ದ ದನಿ, ಅಂಗಳದಲ್ಲಿ ಪತ್ರಿಕೆ ಓದಿದ ದನಿ, ಆಸ್ಪತ್ರೆಯನ್ನು ನಡುಗಿಸಿದ ದನಿ ಆ ಹೊತ್ತಿಗೆ ನನ್ನ ಗಂಟಲಲ್ಲೇ ಇತ್ತು. ಯಾವ ಡಾಕ್ಟರೂ ಅದನ್ನು ತೆಗೆದಿರಲಿಲ್ಲ. ಒಂದೊಂದು ಉದ್ಧರಣೆಗೆ ಒಂದೊಂದು ಮಾತು ಸಾಕಿತ್ತು. ಅಪ್ಪಾ, ಕಿವಿ ಮುಟ್ಕೋ.